ಗುರುವಾರದ ಮನೆ

ಹೋದ ತಿಂಗಳು ನೀವಿಬ್ಬರೂ ಟ್ರಂಕಿನಲ್ಲಿ ನಿಮ್ಮ ಅಪ್ಪನ ಹಳೆಯ ಅಂಕಪಟ್ಟಿ ಹುಡುಕುತ್ತಿದ್ದಾಗ ಒಂದು ಕಾಗದ ಸಿಕ್ಕಿತ್ತು. ಪಂಚಾಯ್ತಿಯ ಸಮೀಕ್ಷೆಯ ಕಾಗದ. ಅದರಲ್ಲಿ ನನ್ನ ಹೆಸರು, ನಿಮ್ಮ ಅಪ್ಪ ಅವ್ವನ ಹೆಸರು, ನಿಮ್ಮಿಬ್ಬರ ಹೆಸರು, ಅವುಗಳ ಕೆಳಗೆ ಇನ್ನೊಂದು ಸಾಲು ಇತ್ತು. ವಯಸ್ಸು ಸುಮಾರು ಎಪ್ಪತ್ತು. ಸಂಬಂಧ: ಗಂಡನ ಅಕ್ಕ.

"ಆಯಿ, ಅಜ್ಜಗ ಅಕ್ಕ ಇದ್ಲೇನು?" ಎಂದು ದೊಡ್ಡವಳು ಕೇಳಿದಳು. ನಾನು ಕಾಗದ ಕಸಿದುಕೊಂಡು, "ರದ್ದಿ ಅದು, ಬಿಡು" ಎಂದು ಟ್ರಂಕು ಮುಚ್ಚಿದೆ. ಅವಳು ಮತ್ತೆ ಕೇಳಲಿಲ್ಲ.

ನಿಮ್ಮ ಅಜ್ಜನಿಗೆ ಅಕ್ಕ ಇರಲಿಲ್ಲ. ಅವರ ಬೆನ್ನಿಗೆ ಬಿದ್ದವರು ಇಬ್ಬರು ತಮ್ಮಂದಿರು, ಅಷ್ಟೇ. ಆ ಸಾಲು ಸುಳ್ಳು. ಅದರ ಕೆಳಗಿನ ಸಹಿ ನನ್ನದು.

ಎದುರಿಗೆ ಕೂತು ಹೇಳು ಎಂದರೆ ನನಗೆ ಬಾಯಿ ಬರುವುದಿಲ್ಲ. ಹುಟ್ಟಿದಾಗಿನಿಂದ ಹಾಗೆಯೇ. ನಮ್ಮೂರ ಸಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಓದಿದೆ. ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಬರೆಯಲು ಮಾತ್ರ ಬರುತ್ತದೆ. ಆದ್ದರಿಂದ ನಿಮ್ಮ ಹಳೆಯ ನೋಟುಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಓದಿದ ಮೇಲೆ ನನ್ನನ್ನು ಏನೂ ಕೇಳಬೇಡಿ.

ಆ ಸಾಲಿನಲ್ಲಿದ್ದಾಕೆ ನಮ್ಮೂರಿಗೆ ಬಂದದ್ದು ಗೋವಿನಜೋಳದ ಸುಗ್ಗಿಯಲ್ಲಿ. ಕೂಲಿಯವರ ಟ್ರ್ಯಾಕ್ಟರಿನಲ್ಲಿ ಬಂದಿದ್ದಳು. ಸುಗ್ಗಿ ಮುಗಿದು ಟ್ರ್ಯಾಕ್ಟರು ತಿರುಗಿ ಹೋಗುವಾಗ ಹತ್ತಲಿಲ್ಲ. ಹತ್ತು ಎಂದು ಯಾರೂ ಕರೆಯಲೂ ಇಲ್ಲವಂತೆ. ರಸ್ತೆಯ ಮೇಲೆ ಬಸ್ಸಿಗೆ ಕಾಯುವವರಿಗೆಂದು ಕಟ್ಟಿದ ಕೋಣೆಯಂಥದ್ದೊಂದು ಇತ್ತಲ್ಲ, ಮೂರು ಗೋಡೆ, ಮೇಲೊಂದು ಸ್ಲ್ಯಾಬು, ಅಲ್ಲಿ ತನ್ನ ಗಂಟು ಇಟ್ಟುಕೊಂಡು ಕೂತಳು. ಎರಡು ದಿನ ಇರುತ್ತಾಳೆ, ಹೋಗುತ್ತಾಳೆ ಎಂದುಕೊಂಡೆವು. ಆಕೆ ಹೋಗಲಿಲ್ಲ.

ತನ್ನ ಕಥೆಯನ್ನು ಆಕೆ ಒಂದೇ ಸಲ ಹೇಳಿದವಳಲ್ಲ. ಕಾಳು ಹಸನು ಮಾಡುತ್ತಾ ಅಷ್ಟಷ್ಟು ಹೇಳುತ್ತಿದ್ದಳು. ಹುಟ್ಟಿದ್ದು ಹಿರೇಕೆರೂರು ತಾಲ್ಲೂಕಿನ ಹಂಸಭಾವಿ ಹತ್ತಿರದ ಒಂದು ಹಳ್ಳಿ. ಕೊಟ್ಟದ್ದು ಸವಣೂರು ಕಡೆ. ಗಂಡ ಹೋದ ಮೇಲೆ ಮೈದುನರು ಮನೆ ಹಂಚಿಕೊಂಡರು, ಆಕೆಯ ಪಾಲಿಗೆ ದನದ ಕೊಟ್ಟಿಗೆಯ ಮೂಲೆ ಬಂತು, ಆಮೇಲೆ ಆ ಮೂಲೆಗೂ ಎತ್ತು ಬಂತು. ಶಿಗ್ಗಾಂವಿಯ ಹತ್ತಿರ ಇಟ್ಟಂಗಿ ಭಟ್ಟಿಯಲ್ಲಿ ಕೆಲವು ವರ್ಷ ದುಡಿದಳು. "ಮಂದಿ ಮನಿಗೆ ಎಷ್ಟ್ ಇಟ್ಟಂಗಿ ಹೊತ್ತೇನೋ ಯವ್ವಾ, ಲೆಕ್ಕ ಇಲ್ಲ" ಎಂದು ಒಮ್ಮೆ ಹೇಳಿ ತಾನೇ ನಕ್ಕಳು. ಮಕ್ಕಳ ವಿಷಯ ಎಂದೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಆಕೆಯ ಕೈ ಚೊಕ್ಕ ಇತ್ತು. ಮೊರದಲ್ಲಿ ಜೋಳ ಹಾಕಿಕೊಂಡು ಕೇರಲು ಕೂತರೆ ಒಂದು ಹರಳು ಉಳಿಯುತ್ತಿರಲಿಲ್ಲ. ಬರಿಗೈಯಲ್ಲಿ ಉಣ್ಣುವುದು ಆಕೆಗೆ ಆಗುತ್ತಿರಲಿಲ್ಲ. ಮೊದಲು ಕೆಲಸ, ಆಮೇಲೆ ಊಟ. ಹೀಗಾಗಿ ಓಣಿಯ ಹೆಂಗಸರೇ ಒಂದು ವ್ಯವಸ್ಥೆ ಮಾಡಿದರು. ಏಳು ಮನೆ, ಏಳು ವಾರ. ಸೋಮವಾರ ಈಗ ಪಂಚಾಯ್ತಿ ಅಧ್ಯಕ್ಷರಾಗಿರುವವರ ಮನೆ. ಶುಕ್ರವಾರ ನಮ್ಮ ಪಕ್ಕದ ಮನೆ. ಗುರುವಾರ ನಮ್ಮದು. ಬೆಳಿಗ್ಗೆ ಬರುವಳು, ಹೊರಗಿನ ಕಟ್ಟೆಯ ಮೇಲೆ ಕೂತು ಜೋಳವನ್ನೋ ಅಕ್ಕಿಯನ್ನೋ ಹಸನು ಮಾಡುವಳು, ಮಧ್ಯಾಹ್ನ ತನ್ನದೇ ಅಲ್ಯುಮಿನಿಯಮ್ಮಿನ ಜರ್ಮನ್ ತಾಟಿನಲ್ಲಿ ಉಂಡು, ಸಂಜೆಯದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುವಳು. ನಿಮ್ಮ ಅಜ್ಜ ಇದ್ದಾಗ ಬುಧವಾರ ಸಂಜೆಯೇ, "ನಾಳೆ ಎರಡು ರೊಟ್ಟಿ ಹೆಚ್ಚಿಗಿ ಬಡಿ" ಎಂದು ನೆನಪು ಮಾಡುತ್ತಿದ್ದರು. ಅವರು ತೀರಿಕೊಂಡ ವಾರ ಗುರುವಾರ ಆಕೆ ಬಂದಳು. ಉಣ್ಣಲಿಲ್ಲ. ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಒಂದು ಚೀಲ ಜೋಳವನ್ನು ಪೂರ್ತಿ ಹಸನು ಮಾಡಿ ಎದ್ದು ಹೋದಳು. ನನ್ನನ್ನು ಸಮಾಧಾನ ಮಾಡಲು ಬಂದ ಎಲ್ಲರಲ್ಲಿ ನನಗೆ ಸಮಾಧಾನವಾದದ್ದು ಅದೊಂದೇ.

ಆಕೆ ಯಾವ ಜಾತಿ ಎಂದು ಏಳು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಇದನ್ನು ನಮ್ಮ ದೊಡ್ಡತನ ಎಂದು ತಿಳಿಯಬೇಡಿ. ಕೇಳಿ, ಆಕೆ ಏನಾದರೂ ಹೇಳಿಬಿಟ್ಟರೆ ಊಟ ಹಾಕುವುದು ಕಷ್ಟವಾಗುತ್ತಿತ್ತು. ಕೇಳದೇ ಕಟ್ಟೆಯ ಮೇಲೆ ಹಾಕುವುದು ಸುಲಭ. ಆಕೆಗೂ ಅದು ಗೊತ್ತಿತ್ತು. ಯಾವ ಮನೆಯ ಹೊಸ್ತಿಲನ್ನೂ ದಾಟುತ್ತಿರಲಿಲ್ಲ.

ಆಮೇಲೆ ಸಮಿತಿ ಬಂತು. ಮನೆ ಇಲ್ಲದವರನ್ನು ಗುರುತಿಸಿ ಅವರಿಗೆ ಆಸರೆ ಮಾಡಬೇಕು, ಅದಕ್ಕೆ ಊರೂರಿಗೆ ಒಂದು ಸಮಿತಿ ಆಗಬೇಕು ಎಂದು ಮೇಲಿನಿಂದ ಕಾಗದ ಬಂದಿತ್ತು. ಅಧ್ಯಕ್ಷರು, ಪಿಡಿಓ, ಅಂಗನವಾಡಿ ಟೀಚರು, ಇನ್ನಿಬ್ಬರು ಮೆಂಬರರು, ಮಹಿಳಾ ಸಂಘದಿಂದ ಒಬ್ಬರು. ಸಂಘದ ಸಭೆಯಲ್ಲಿ ಯಾರು ಹೋಗುತ್ತೀರಿ ಎಂದಾಗ ಎಲ್ಲರೂ ಜಾರಿಕೊಂಡರು. ಶುಕ್ರವಾರದ ಮನೆಯವಳು, ನಮ್ಮ ಪಕ್ಕದಾಕೆ, ನನ್ನ ಕಡೆ ಕೈ ಮಾಡಿ, "ಇವರನ್ನ ಹಾಕ್ರಿ. ಸಹಿ ಮಾಡಾಕ ಬರತೈತಿ, ಜಗಳಾ ಮಾಡಾಕ ಬರೂದಿಲ್ಲ. ಕಮೀಟಿಗೆ ಹೇಳಿ ಮಾಡಿಸಿದಂಗ ಅದಾರ" ಎಂದಳು. ಎಲ್ಲರೂ ನಕ್ಕರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಹಾಗೆ ನಾನು ಸಮಿತಿಯವಳಾದೆ.

ಸಮಿತಿಯ ಮೊದಲ ಕೆಲಸ ಸಮೀಕ್ಷೆ. ಅದಕ್ಕೆ ಬಂದವರು ಶಿಗ್ಗಾಂವಿ ಕಡೆಯ ಒಬ್ಬ ಮಾಸ್ತರರು, ಪಾಪ, ಊರೂರು ತಿರುಗಿ ದಣಿದಿದ್ದರು. ಪಂಚಾಯ್ತಿಯ ಮುಂದೆ ಹುಣಸೆ ಮರದ ಕೆಳಗೆ ಕುರ್ಚಿ ಹಾಕಿ ಗ್ರಾಮಸಭೆ ಸೇರಿಸಿದ್ದರು. ನಾನು ಹೆಂಗಸರ ಕಡೆ ಕೊನೆಗೆ ಕೂತಿದ್ದೆ. ಆಕೆಯೂ ಸ್ವಲ್ಪ ದೂರದಲ್ಲಿ ಕೂತಿದ್ದಳು. ಸಭೆ ಎಂದರೆ ಆಕೆಗೆ ಇಷ್ಟ, ಮಂದಿ ಮಾತಾಡುವುದನ್ನು ಕೇಳುತ್ತಿದ್ದಳು.

"ಈ ಊರಾಗ ಮನಿ ಇಲ್ಲದಾರು ಯಾರರ ಅದಾರೇನ್ರಿ?" ಎಂದು ಮಾಸ್ತರರು ಕೇಳಿದರು.

"ನಮ್ಮೂರಾಗ?" ಎಂದರು ಅಧ್ಯಕ್ಷರು. "ಏನ್ ಕೇಳ್ತೀರ್ರಿ ಮಾಸ್ತರ್ರ. ನಮ್ಮೂರಾಗ ನಾಯಿಗೂ ಒಂದು ಕಟ್ಟಿ ಐತಿ."

ಮಾಸ್ತರರು ಪೆನ್ನು ತೋರಿಸಿ, "ಮತ್ತ ಅಲ್ಲಿ ಕುಂತಾರಲ್ರಿ, ಆ ಆಯಿ?" ಎಂದರು.

"ಆಕಿ ನಮ್ಮಾಕಿ."

"ನಿಮ್ಮಾಕಿ ಅಂದ್ರ ಯಾರ ಮನ್ಯಾಕಿ?"

"ಊರಾಕಿರಿ."

"ಊರು ಅಂತ ಬರಿಯಾಕ ಕಾಲಂ ಇಲ್ರಿ. ಮನಿ ನಂಬರ್ ಬೇಕು. ಇಲ್ಲಾಂದ್ರ ಮನಿ ಇಲ್ಲದಾಕಿ ಅಂತ ಬರೀತೇನಿ."

ಆಗ ಗದ್ದಲವಾಯಿತು. ಇದುವರೆಗೆ ಬೀಡಿ ಸೇದುತ್ತಾ ಕೂತಿದ್ದವರೂ ಎದ್ದು ನಿಂತರು. ಹಾಗೆ ಬರೆದರೆ ಊರಿನ ಮರ್ಯಾದೆ ಏನಾಗಬೇಕು, ಒಬ್ಬ ಮುದುಕಿಯನ್ನು ಇಟ್ಟುಕೊಳ್ಳಲಾಗದ ಊರು ಎಂದು ಸುತ್ತಲಿನವರು ಆಡಿಕೊಳ್ಳುವುದಿಲ್ಲವೇ, ಏಳು ಮನೆ ಇರುವಾಕೆಗೆ ಒಂದೂ ಮನೆ ಇಲ್ಲ ಎಂದು ಬರೆಯುವುದು ಯಾವ ನ್ಯಾಯ. ನಿಜ ಹೇಳುತ್ತೇನೆ, ಆಗ ನನಗೂ ಅದು ಸರಿ ಎನಿಸಿತು. ನಾವು ಆಕೆಯನ್ನು ಹೊರಗೆ ಹಾಕಿಲ್ಲ, ಊಟಕ್ಕೆ ಕೊಡುತ್ತಿದ್ದೇವೆ, ಯಾರೋ ಬಂದು ಆಕೆಗೆ ಗತಿ ಇಲ್ಲ ಎಂದು ಬರೆದರೆ ನಮಗೆ ಬೈದಂತೆ. ಅದು ಆಕೆಗೆ ಬೇಕಾದ ಬರಹ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

"ಸೋಮವಾರ ನಮ್ಮ ಮನಿಯಾಗ ಉಣ್ತಾಳ್ರಿ" ಎಂದರು ಅಧ್ಯಕ್ಷರು.

"ಉಣ್ಣೂದಲ್ರಿ ನಾ ಕೇಳಿದ್ದು. ಮಲಗೂದು ಎಲ್ಲಿ?"

ಎದ್ದು ನಿಂತವರು ಒಬ್ಬೊಬ್ಬರಾಗಿ ಕೂತರು. ಪಕ್ಕದ ಮನೆಯಾಕೆ, "ಇವತ್ತು ಯಾವ ವಾರ?" ಎಂದಳು. ಅಂದು ಗುರುವಾರ. ಎಲ್ಲರೂ ತಿರುಗಿ ನನ್ನನ್ನು ನೋಡಿದರು.

"ಬಗೀಹರೀತಲ್ರಿ. ಇವರ ಮನ್ಯಾಗ ಬರಕೋರಿ. ಕಮೀಟಿಯವರೂ ಅದಾರ, ಚೊಲೋನ ಆತು" ಎಂದರು ಅಧ್ಯಕ್ಷರು.

ಮಾಸ್ತರರು ನನ್ನ ಕಡೆ ಬಂದು ಕೇಳಿದರು, "ಸಂಬಂಧ ಏನಂತ ಬರೀಲಿ ಅಕ್ಕಾರ?"

ನಾನು ಸೆರಗು ಸರಿಮಾಡಿಕೊಂಡೆ. ಪಕ್ಕದ ಮನೆಯಾಕೆಯೇ ಹೇಳಿದಳು: "ಗಂಡನ ಅಕ್ಕ ಅಂತ ಬರೀರಿ. ಅವರಂತೂ ಶಿವನ ಪಾದ ಸೇರ್ಯಾರ, ಎದ್ದ್ ಬಂದು ಅಲ್ಲ ಅನ್ನೂದಿಲ್ಲ."

ಮತ್ತೆ ನಗು. ನಾನೂ ಸ್ವಲ್ಪ ನಕ್ಕೆ ಎಂದು ನೆನಪು. ಕಾಗದ ಮುಂದೆ ಬಂತು, ಸಹಿ ಮಾಡಿದೆ. ದುಂಡಗಿನ ಅಕ್ಷರ, ನಮ್ಮ ಸಾಲೆಯ ಮಾಸ್ತರರು ಮೆಚ್ಚುತ್ತಿದ್ದ ಅಕ್ಷರ. ಕಾಗದದ ಒಂದು ಪ್ರತಿಯನ್ನು ನನಗೂ ಕೊಟ್ಟರು.

ಮಧ್ಯಾಹ್ನ ಕಟ್ಟೆಯ ಮೇಲೆ ಉಣ್ಣುತ್ತಾ ಆಕೆ ಕೇಳಿದಳು, "ನನ್ನ ಎಲ್ಲಿ ಬರದ್ರವ್ವಾ?"

"ನಮ್ಮ ಮನಿಯಾಗ ಬರದಾರಕ್ಕಾ."

"ನಿಮ್ಮ ಮನಿಯಾಗ" ಎಂದಳು. ರೊಟ್ಟಿ ಮುರಿದಳು. ಮತ್ತೆ, "ಏನಂತ?"

"ಇವರಕ್ಕ ಅಂತ."

ಆಕೆ ಹಿತ್ತಲಿಗೆ ಹೋಗಿ ತಾಟು ತೊಳೆದಳು. ಬೂದಿ ಹಾಕಿ ಬಹಳ ಹೊತ್ತು ತಿಕ್ಕಿದಳು. ನೀರು ಝಾಡಿಸಿ, ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ. ಪಡಸಾಲೆಯ ಮೂಲೆಯಲ್ಲಿ ಭಾಂಡೆ ಸ್ಟ್ಯಾಂಡು ಇದೆಯಲ್ಲ, ಅದರಲ್ಲಿ ನಮ್ಮ ತಾಟುಗಳ ಪಕ್ಕದಲ್ಲಿ ತನ್ನ ತಾಟನ್ನು ನಿಲ್ಲಿಸಿದಳು. ನನ್ನನ್ನು ನೋಡಿ, ಮುಂಬಾಗಿಲಿನಿಂದ ಇಳಿದು ಹೋದಳು.

ಆಕೆ ಓಣಿ ದಾಟುವವರೆಗೆ ಕಾದು, ನಾನು ಆ ತಾಟನ್ನು ತೆಗೆದು ಕಟ್ಟೆಯ ಮೇಲೆ ಬೋರಲು ಹಾಕಿದೆ.

ಯಾರೂ ನನಗೆ ಹಾಗೆ ಮಾಡು ಎನ್ನಲಿಲ್ಲ. ನಿಮ್ಮ ಅಪ್ಪ ಹೊಲದಲ್ಲಿದ್ದ. ನಿಮ್ಮ ಅವ್ವ ಒಳಗೆ ಚಿಕ್ಕವನನ್ನು ತೂಗುತ್ತಿದ್ದಳು, ನೋಡಿಯೂ ಇರಲಿಲ್ಲ. ನಾನೇ ಮಾಡಿದ್ದು. ಕಾಗದದಲ್ಲಿ ಆಕೆ ಇದ್ದದ್ದು ನಡೆಯಿತು, ಸ್ಟ್ಯಾಂಡಿನಲ್ಲಿ ಆಕೆಯ ತಾಟು ಇದ್ದದ್ದು ನಡೆಯಲಿಲ್ಲ. ಮರುದಿನ ಪಕ್ಕದ ಮನೆಗೆ ಊಟಕ್ಕೆ ಬಂದಾಗ ಆಕೆ ನಮ್ಮ ಕಟ್ಟೆಯ ಮೇಲೆ ತಾಟು ಕಂಡಳು. ಎತ್ತಿಕೊಂಡು ಹೋದಳು. ಅದರ ಬಗ್ಗೆ ಎಂದೂ ಮಾತು ತೆಗೆಯಲಿಲ್ಲ. ಹಿತ್ತಲ ಬಾಗಿಲಿಗೂ ಮತ್ತೆ ಬರಲಿಲ್ಲ.

ಕೆಲವು ತಿಂಗಳ ಮೇಲೆ ಪಂಚಾಯ್ತಿಗೆ ಒಂದು ಫಲಕ ಬಂತು. ಮನೆ ಇಲ್ಲದವರು ಒಬ್ಬರೂ ಇಲ್ಲದ ಊರು ಎಂದು ಬರೆದದ್ದು. ಗಾಜು ಹಾಕಿಸಿ ಅಧ್ಯಕ್ಷರ ಕುರ್ಚಿಯ ಹಿಂದೆ ತೂಗು ಹಾಕಿದರು. ಸಮಿತಿ ತಿಂಗಳಿಗೊಮ್ಮೆ ಸೇರುತ್ತಿತ್ತು. ಚಹಾ ಬರುತ್ತಿತ್ತು. ಪಿಡಿಓ, "ಹೊಸದಾಗಿ ಯಾರೂ ಇಲ್ಲಲ್ರಿ?" ಎನ್ನುವರು. ಇಲ್ಲ ಎಂದು ಬರೆದು ಪುಸ್ತಕ ತಿರುಗಿಸುವರು. ನಾನು ಸಹಿ ಮಾಡಿ ಬರುತ್ತಿದ್ದೆ.

ಎರಡನೆಯ ಮಳೆಗಾಲಕ್ಕೆ ರಸ್ತೆ ಅಗಲ ಮಾಡಲು ಬಂದವರು ಬಸ್ಸಿನ ಕೋಣೆಯನ್ನು ಕೆಡವಿದರು. ಒಂದು ಬೆಳಿಗ್ಗೆ ಜೆಸಿಬಿ ಬಂತು, ಆಕೆ ಗಂಟು ಎತ್ತಿಕೊಂಡು ಪಕ್ಕಕ್ಕೆ ನಿಂತಳು, ಚಹಾ ಕುಡಿಯುವಷ್ಟರಲ್ಲಿ ಮುಗಿಯಿತು. ಸಾಲೆಯ ಪಡಸಾಲೆಗೆ ಹೋದಳು. ಮಕ್ಕಳು ಕೂಡುವ ಜಾಗ ಎಂದು ಅಲ್ಲಿ ಒಳ್ಳೆಯ ಮಾತಿನಲ್ಲೇ ಬೇಡ ಎಂದರು. ಗುಡಿಯ ಪೌಳಿಗೆ ಗೇಟು ಹಾಕಿಸಿದ್ದರು. ಕೊನೆಗೆ ಹಾಲಿನ ಡೇರಿಯ ಮುಂದೆ ಚಾಚಿದ ತಗಡಿನ ಕೆಳಗೆ ಹೋಗಿ ಉಳಿದಳು. ಗಾಳಿ ಬಂದರೆ ಮಳೆ ಅಡ್ಡಕ್ಕೆ ಹೊಡೆಯುತ್ತಿತ್ತು. ಮೊಣಕಾಲು ಬಾತುಕೊಂಡಿತು, ಕೆಮ್ಮು ಹಿಡಿಯಿತು. ಏಳು ಮನೆಗೆ ನಡೆದು ಬರಲು ಆಗದೇ ಹೋಯಿತು. ಊಟವನ್ನು ನಾವೇ ಒಯ್ದು ಕೊಡಬೇಕಾಯಿತು. ಏಳು ಮನೆಯಲ್ಲಿ ನಾಲ್ಕು ಒಯ್ದವು.

ಮನೆಗೆ ಕರೆದುಕೊಂಡು ಬರಬಹುದಿತ್ತಲ್ಲ ಎಂದು ನೀವು ಅಂದುಕೊಳ್ಳುತ್ತೀರಿ. ಅಂದುಕೊಳ್ಳಬೇಕು. ಒಂದು ಗುರುವಾರ ರೊಟ್ಟಿ ಒಯ್ದಾಗ ಕೇಳಿದೆ, "ಮನಿಗೆ ಬರ್ತೀಯೇನಕ್ಕಾ?"

ಆಕೆ ನನ್ನನ್ನು ನೋಡಿದಳು. "ಬ್ಯಾಡವ್ವಾ" ಎಂದಳು. "ಬಂದ್ರ ನೀ ಎಲ್ಲಿ ಇಡ್ತೀ ನನ್ನ?"

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ತಾಟಿನ ಮೇಲೆ ಬೆರಳಾಡಿಸುತ್ತಾ ಹೇಳಿದಳು. ನಾನು ಎರಡನೆಯ ಸಲ ಕರೆಯಲಿಲ್ಲ.

ಆ ತಿಂಗಳ ಸಮಿತಿಯಲ್ಲಿ ಅಂಗನವಾಡಿ ಟೀಚರು ಮಾತು ತೆಗೆದರು. ತಾಲ್ಲೂಕಿನ ಕಡೆ ಒಂದು ಆಸರೆಯ ಮನೆ ಇದೆ, ಮಂಚ ಕೊಡುತ್ತಾರೆ, ಎರಡು ಹೊತ್ತು ಊಟ, ಡಾಕ್ಟರೂ ಬರುತ್ತಾರೆ, ಈ ಆಯಿಯನ್ನು ಕಳಿಸಬಹುದಲ್ಲ ಎಂದರು. ಪಿಡಿಓ ಕಾಗದ ತಿರುವಿ, "ಊರ ಪಟ್ಟಿಯೊಳಗ ಹೆಸರು ಇರಬೇಕ್ರಿ ಟೀಚರ್. ನಮ್ಮ ಪಟ್ಟಿ ಸೊನ್ನೆ ಐತಿ" ಎಂದರು.

"ಸೇರಿಸ್ರಿ ಹಂಗಾದ್ರ."

"ಹೆಂಗ ಸೇರಿಸಲಿ? ಆಕಿಗೆ ಮನಿ ಐತಿ. ಇವರ ಮನಿ." ಅವರು ನನ್ನ ಕಡೆ ನೋಡಿದರು. "ನೀವೊಂದು ಅರ್ಜಿ ಬರದು ಕೊಡ್ರಿ ಅಕ್ಕಾರ, ಆಕಿ ನಮ್ಮ ಮನಿಯವರಲ್ಲ ಅಂತ. ಆದ್ರ ಮದ್ಲ ಯಾಕ ಸುಳ್ಳ ಬರಿಸಿದ್ರಿ ಅಂತ ಮ್ಯಾಲಿನವರು ಕೇಳ್ತಾರ. ಅದಕ್ಕ ನೀವ ಉತ್ತರಾ ಕೊಡಬೇಕಾಕ್ಕೈತಿ."

ಅಧ್ಯಕ್ಷರು ಹಿಂದಿನ ಗೋಡೆಯ ಫಲಕವನ್ನು ನೋಡಿ, "ಇದನ್ನೂ ಕೆಳಗ ಇಳಸಬೇಕಾಕ್ಕೈತಿ" ಎಂದರು.

ಮನೆಗೆ ಬಂದು ನಿಮ್ಮ ಅಪ್ಪನಿಗೆ ಹೇಳಿದೆ. ಹಿತ್ತಲ ಗೋಡೆ ಆ ಮಳೆಗೆ ಬಿದ್ದು, ಪರಿಹಾರಕ್ಕೆಂದು ಕೊಟ್ಟ ನಮ್ಮದೂ ಒಂದು ಅರ್ಜಿ ಅದೇ ಪಿಡಿಓ ಟೇಬಲ್ಲಿನ ಮೇಲೆ ಕೂತಿತ್ತು. "ನಮ್ಮ ಮನಿ ಕಾಗದ ಸುಳ್ಳು ಅಂತ ನಾವ ಬರದು ಕೊಟ್ರ ಎಲ್ಲಾ ಕಾಗದಾನೂ ತಗೀತಾರಬೇ. ಸ್ವಲ್ಪ ತಡಿ" ಎಂದ. ಅವನನ್ನು ದೂರಬೇಡಿ. ಮನೆಯಲ್ಲಿ ಎರಡು ಸಣ್ಣ ಮಕ್ಕಳು, ಒಂದು ಕಡೆ ಗೋಡೆ ಇಲ್ಲ. ಅವನು ನಿಮ್ಮ ಸಲುವಾಗಿ ಅಂಜಿದ. ನಾನು ಯಾರ ಸಲುವಾಗಿ ಅಂಜಿದೆನೋ ನನಗೇ ತಿಳಿಯದು.

ಆದರೂ ಅರ್ಜಿ ಬರೆದೆ. ನಾಲ್ಕೇ ಸಾಲು. ಈ ಹೆಂಗಸು ನನ್ನ ಗಂಡನ ಅಕ್ಕ ಅಲ್ಲ, ನಮ್ಮ ಮನೆಯವರಲ್ಲ, ಆಕೆಗೆ ಮನೆ ಇಲ್ಲ, ಪಟ್ಟಿಯಲ್ಲಿ ಸೇರಿಸಬೇಕು. ಬರೆಯಲು ಸ್ವಲ್ಪವೂ ಕಷ್ಟವಾಗಲಿಲ್ಲ. ಕೊಡುವುದು ಯಾರಿಗೆ ಎಂಬುದೇ ಪ್ರಶ್ನೆ. ಅಷ್ಟರಲ್ಲಿ ಹಾನಗಲ್ಲಿನಲ್ಲಿ ಸಭೆ ಇದೆ ಎಂದು ಕಾಗದ ಬಂತು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲ್ಲೂಕುಗಳ ಊರ ಸಮಿತಿಗಳೆಲ್ಲ ಸೇರಿ ಮಾತಾಡುವ ಸಭೆ. ಮಹಿಳಾ ಪ್ರತಿನಿಧಿ ಬರಲೇಬೇಕು ಎಂದಿತ್ತು. ಅಲ್ಲಿಯೇ ದೊಡ್ಡವರ ಕೈಗೆ ಕೊಡೋಣ, ಊರಲ್ಲಿ ಯಾರಿಗೂ ಮುಖ ತೋರಿಸುವ ಪ್ರಸಂಗ ಬರುವುದಿಲ್ಲ ಎಂದುಕೊಂಡು ಅರ್ಜಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡೆ. ಹೋಗುವ ದಾರಿಯಲ್ಲಿ ಡೇರಿಯ ಮುಂದೆ ನಿಂತು ಆಕೆಗೆ, "ನಿನ್ನ ಕೆಲಸಕ್ಕ ಹೊಂಟೇನಿ ಅಕ್ಕಾ" ಎಂದೆ. ಹೇಳಬಾರದಿತ್ತು. "ಹೋಗಿ ಬಾರವ್ವಾ" ಎಂದು ಆಕೆ ಕೈ ಎತ್ತಿದಳು.

ಸಭೆ ಒಂದು ಮಂಗಲ ಕಾರ್ಯಾಲಯದಲ್ಲಿತ್ತು. ಮೇಲೆ ಫ್ಯಾನುಗಳು ತಿರುಗುತ್ತಿದ್ದವು, ಮುಂದಿನ ಸಾಲುಗಳಿಗೆ ಮೆತ್ತನೆಯ ಕುರ್ಚಿ. ಬಹಳ ಮಂದಿ ಮಾತಾಡಿದರು. ಮನೆ ಇಲ್ಲದವರು ಯಾವ ತಾಲ್ಲೂಕಿನ ಹೊಣೆ ಎಂದು ಚರ್ಚೆ ಬಂತು. ಹುಟ್ಟಿದ ಊರಿನವರೇ ನೋಡಬೇಕು ಎಂದರು ಒಬ್ಬರು. ಹೆಣ್ಣುಮಕ್ಕಳಾದರೆ ಕೊಟ್ಟ ಊರು ಎಂದರು ಇನ್ನೊಬ್ಬರು. ದುಡಿದ ಊರು ಎಂದರು ಮತ್ತೊಬ್ಬರು. ಈಗ ಎಲ್ಲಿ ಕೂತಿದ್ದಾರೋ ಆ ಊರು ಎಂದರು ಮಗದೊಬ್ಬರು. ನಾನು ಕೂತಲ್ಲೇ ಎಣಿಸಿದೆ. ಹುಟ್ಟಿದ್ದು ಹಿರೇಕೆರೂರು, ಕೊಟ್ಟದ್ದು ಸವಣೂರು, ದುಡಿದದ್ದು ಶಿಗ್ಗಾಂವಿ, ಕೂತಿರುವುದು ಹಾನಗಲ್ಲ. ನಾಲ್ಕೂ ತಾಲ್ಲೂಕು ಆಕೆಯೊಬ್ಬಳ ಸಲುವಾಗಿಯೇ ಬಂದು ಕೂತಂತಿತ್ತು. ಆಕೆ ಒಬ್ಬಳಿದ್ದಾಳೆ ಎಂಬುದು ಮಾತ್ರ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೊಣೆಯ ಮಾತು ಮುಗಿಯಲಿಲ್ಲ, ಮುಂದಿನ ಸಭೆಯಲ್ಲಿ ತೀರ್ಮಾನಿಸೋಣ ಎಂದರು.

ಚೀಲದೊಳಗೆ ಕೈ ಹಾಕಿ ಅರ್ಜಿ ಹಿಡಿದುಕೊಂಡಿದ್ದೆ. ಊಟಕ್ಕೆ ಬಿಟ್ಟಾಗ ಕೊಡಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಅಷ್ಟರಲ್ಲಿ ಮೈಕಿನಲ್ಲಿ ನಮ್ಮೂರ ಹೆಸರು ಕೇಳಿತು. ಮನೆ ಇಲ್ಲದವರು ಒಬ್ಬರೂ ಇಲ್ಲದ ಊರು, ಉಳಿದವರಿಗೆ ಮಾದರಿ, ಸಮಿತಿಯ ಮಹಿಳೆ ವೇದಿಕೆಗೆ ಬರಬೇಕು. ಅಧ್ಯಕ್ಷರು ಹಿಂದಿನಿಂದ, "ಏಳ್ರಿ, ಏಳ್ರಿ" ಎಂದರು. ಎದ್ದೆ. ಕೊರಳಿಗೆ ಹಾರ ಬಿತ್ತು, ಹೆಗಲಿಗೆ ಒಂದು ಕೆಂಪು ಶಾಲು, ಕೈಗೆ ಹಣ್ಣಿನ ಬುಟ್ಟಿ. ಫೋಟೋ ತೆಗೆದರು. ಒಬ್ಬರು ಮೈಕು ಹಿಡಿದು, "ಎರಡು ಮಾತಾಡ್ರಿ ಅಕ್ಕಾರ" ಎಂದರು.

ಎರಡೇ ಮಾತು ಸಾಕಿತ್ತು. ಒಬ್ಬಾಕೆ ಇದ್ದಾಳೆ ಎಂದಿದ್ದರೆ ಮುಗಿಯುತ್ತಿತ್ತು. ಕೆಳಗೆ ಅಷ್ಟು ಮುಖಗಳು. ಅಧ್ಯಕ್ಷರು ಚಪ್ಪಾಳೆ ತಟ್ಟಲು ಕೈ ಎತ್ತಿ ಕೂತಿದ್ದರು. ನಾನು "ಎಲ್ಲಾರಿಗೂ ಶರಣು" ಎಂದು ಕೆಳಗೆ ಇಳಿದೆ.

ಬಸ್ಸಿನಲ್ಲಿ ಅಧ್ಯಕ್ಷರು, "ಚೊಲೋ ಮಾತಾಡಿದ್ರಿ. ಉದ್ದ ಎಳೀಲಿಲ್ಲ" ಎಂದರು. ಅವರು ಚೇಷ್ಟೆ ಮಾಡಿದರೋ ನಿಜವಾಗಿ ಹೇಳಿದರೋ ತಿಳಿಯಲಿಲ್ಲ.

ಶಾಲನ್ನು ಮನೆಗೆ ಒಯ್ಯಲಿಲ್ಲ. ಇಳಿದವಳೇ ಡೇರಿಯ ಮುಂದೆ ಹೋಗಿ ಆಕೆಗೆ ಹೊದಿಸಿದೆ. ಆಕೆ ಜರಿಯ ಅಂಚನ್ನು ಮುಟ್ಟಿ ನೋಡಿದಳು.

"ಸಭಾದಾಗ ನನ್ನ ಸುದ್ದಿ ಬಂತೇನು?"

"ಬಂತಕ್ಕಾ."

"ಏನಂದ್ರು?"

"ಮುಂದಿನ ಸಭಾದಾಗ ಹೇಳ್ತಾರಂತ."

"ಹೇಳಲಿ ತಗೋ. ನಾ ಎಲ್ಲಿ ಹೊಂಟೇನಿ" ಎಂದಳು.

ಹದಿನೈದು ದಿನವೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಹಾಲು ಹಾಕಲು ಹೋದವರು ಬಂದು ಹೇಳಿದರು. ಶಾಲು ಹೊದ್ದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದಳು, ಅಷ್ಟೇ. ದಿಕ್ಕಿಲ್ಲದವರು ಸತ್ತರೆ ಪಂಚಾಯ್ತಿ ನೋಡಿಕೊಳ್ಳುತ್ತದೆ. ಆದರೆ ಆಕೆ ದಿಕ್ಕಿಲ್ಲದವಳಲ್ಲ. ಅಧ್ಯಕ್ಷರು ನಮ್ಮ ಕಟ್ಟೆಗೆ ಬಂದು ನಿಮ್ಮ ಅಪ್ಪನಿಗೆ ಹೇಳಿದರು, "ಕಾಗದದಾಗ ನಿಮ್ಮ ಮನ್ಯಾಕಿ ಐದಾಳಪಾ. ನೀವ ಮಾಡಬೇಕು. ನಾವೆಲ್ಲಾ ಕೂಡ ಇರ್ತೇವಿ." ನಿಮ್ಮ ಅಪ್ಪ ನನ್ನ ಮುಖ ನೋಡಿದ. ಇಲ್ಲ ಎನ್ನಲಿಲ್ಲ.

ಆಗ ಬಂತು ಇನ್ನೊಂದು ಮಾತು. ಹೂಳುವುದೋ ಸುಡುವುದೋ. ನಮ್ಮಲ್ಲಿ ಕೂರಿಸಿ ಹೂಳುತ್ತೇವೆ. ಆಕೆಯ ಮಂದಿ ಏನು ಮಾಡುತ್ತಾರೆ ಎಂದು ಯಾರಿಗೆ ಗೊತ್ತು. ಏಳು ಮನೆಯವರು ಅಲ್ಲೇ ನಿಂತಿದ್ದರು. ಹತ್ತು ವರ್ಷಕ್ಕೂ ಮಿಕ್ಕಿ ಅನ್ನ ಹಾಕಿದವರು. ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಸಂಸ್ಕಾರ ಮಾಡಿಸಲು ಬಂದಿದ್ದ ಅಯ್ಯನವರು, "ಕೊರಳಾಗ ಲಿಂಗ ಐತೇನು ನೋಡ್ರಿ" ಎಂದರು. ನಾನೂ ಪಕ್ಕದ ಮನೆಯಾಕೆಯೂ ಮೈ ತೊಳೆಯುವಾಗ ನೋಡಿದೆವು. ಒಂದು ಕರಿದಾರ ಇತ್ತು. ಅದರಲ್ಲಿ ಏನೂ ಇರಲಿಲ್ಲ. ಇತ್ತೋ, ಎಲ್ಲೋ ಬಿತ್ತೋ. ಪಕ್ಕದ ಮನೆಯಾಕೆ ಆ ದಾರ ಹಿಡಿದುಕೊಂಡು ಅತ್ತಳು. ಆಕೆಯ ಬಾಯಿ ಹರಿತ, ಶುಕ್ರವಾರದ ರೊಟ್ಟಿಯನ್ನು ಮಾತ್ರ ಒಂದು ವಾರವೂ ತಪ್ಪಿಸಿದವಳಲ್ಲ.

"ಹೇಳಾವ್ರು ಇಲ್ಲ ಅಂದ ಮ್ಯಾಲ ಕಾಗದದಾಗ ಏನೈತಿ ಹಂಗ ಮಾಡ್ರಿ" ಎಂದರು ಅಯ್ಯನವರು.

ಕಾಗದದಲ್ಲಿ ಆಕೆ ನಿಮ್ಮ ಅಜ್ಜನ ಅಕ್ಕ. ಆದ್ದರಿಂದ ಆಕೆಯನ್ನು ಮುಂಬಾಗಿಲಿನಿಂದ ಒಳಗೆ ತಂದೆವು. ಪಡಸಾಲೆಯಲ್ಲಿ ನಿಮ್ಮ ಅಜ್ಜನನ್ನು ಕೂರಿಸಿದ್ದ ಗೋಡೆಗೆ ಒರಗಿಸಿ ಕೂರಿಸಿದೆವು. ಹಣೆಗೆ ವಿಭೂತಿ, ಕೊರಳಿಗೆ ಹಾರ, ಹೆಗಲ ಮೇಲೆ ಆ ಕೆಂಪು ಶಾಲು. ಊರು ಪೂರ್ತಿ ಬಂದು ಕೈ ಮುಗಿದು ಹೋಯಿತು. ಆಕೆ ಭಾಂಡೆ ಸ್ಟ್ಯಾಂಡಿನ ಪಕ್ಕದಲ್ಲೇ ಕೂತಿದ್ದಳು. ಮಧ್ಯಾಹ್ನದ ಮೇಲೆ ನಮ್ಮ ಹೊಲದಲ್ಲಿ, ನಿಮ್ಮ ಅಜ್ಜನ ಪಕ್ಕದಲ್ಲಿ ಮಣ್ಣು ಮಾಡಿದೆವು. ಬದುವಿನ ಹತ್ತಿರ ಕಲ್ಲಿಲ್ಲದ ದಿಬ್ಬವೊಂದಿದೆಯಲ್ಲ, ನೀವು ಹೊಲಕ್ಕೆ ಬಂದಾಗ ಬುತ್ತಿ ಬಿಚ್ಚಿಕೊಂಡು ಕೂರುತ್ತೀರಿ, ಅದು. ಕೂರಬೇಡಿ ಎಂದು ನಾನು ಹೇಳಿಲ್ಲ. ಕೂತುಕೊಳ್ಳಿ.

ಆ ಅರ್ಜಿಯನ್ನು ಒಲೆಗೆ ಹಾಕಿದೆ. ಸಮೀಕ್ಷೆಯ ಕಾಗದವನ್ನು ಹಾಕಲು ಆಗಲಿಲ್ಲ.

ಹಿತ್ತಲ ಗೋಡೆಯ ಅರ್ಜಿಗೂ ಏನೂ ಬರಲಿಲ್ಲ, ಅದನ್ನು ನಿಮ್ಮ ಅಪ್ಪನೇ ಕಟ್ಟಿದ. ಫಲಕ ಈಗಲೂ ಅದೇ ಗೋಡೆಯ ಮೇಲಿದೆ. ರಸ್ತೆ ಅಗಲವಾದ ಮೇಲೆ ಹೊಸ ಬಸ್ ಕೋಣೆ ಕಟ್ಟಿದರು. ಮಲಗಲು ಬರದಂತೆ ಅದರಲ್ಲಿ ಕಬ್ಬಿಣದ ಕುರ್ಚಿ ಹಾಕಿದ್ದಾರೆ. ಈ ವರ್ಷ ಸುಗ್ಗಿಯಿಂದ ಅಲ್ಲೊಬ್ಬ ವಯಸ್ಸಾದವ ಬಂದು ಕೂತಿದ್ದಾನೆ. ಒಂದು ಕಣ್ಣು ಕಾಣುವುದಿಲ್ಲ. ಕುರ್ಚಿಗಳ ಕೆಳಗೆ ನೆಲದ ಮೇಲೆ ಮಲಗುತ್ತಾನೆ. ಹಗ್ಗ ಹೊಸೆಯಲು ಬರುತ್ತದೆ. ಓಣಿಯ ಹೆಂಗಸರು ಮತ್ತೆ ವಾರ ಹಂಚಿಕೊಂಡಿದ್ದಾರೆ. ನಮ್ಮದು ಗುರುವಾರವೇ.

ಹೋದ ವಾರ ಸಮಿತಿ ಸೇರಿತ್ತು. ಪಿಡಿಓ ಬದಲಾಗಿದ್ದಾರೆ, ಪುಸ್ತಕ ಅದೇ. "ಹೊಸದಾಗಿ ಯಾರೂ ಇಲ್ಲಲ್ರಿ?" ಎಂದರು. ಎಲ್ಲರೂ ಚಹಾ ಕುಡಿಯುತ್ತಿದ್ದರು. ನಾನು ಹೇಳಿದೆ, "ಒಬ್ರು ಅದಾರ್ರಿ. ಬಸ್ಸಿನ ಕೋಣಿಯಾಗ."

ನನ್ನ ದನಿ ಕೇಳಿ ಅಧ್ಯಕ್ಷರೇ ಬೆರಗಾದರು. ಆಮೇಲೆ ನಕ್ಕರು. "ಆತ ಊರಾವ ಅಲ್ರಿ ಅಕ್ಕಾರ, ಸುಗ್ಗಿಗೆ ಬಂದಾವ. ಹೋಗ್ತಾನ."

"ಹೋಗೂದಿಲ್ರಿ" ಎಂದೆ.

"ಹಂಗಾದ್ರ ನಿಮ್ಮ ಮನ್ಯಾಗ ಬರಕೋರಿ. ನಿಮಗ ರೂಢಿ ಐತಲ್ಲ" ಎಂದು ಒಬ್ಬ ಮೆಂಬರರು ಅಂದರು. ಮಂದಿ ನಕ್ಕರು. ಪಿಡಿಓ ಇಲ್ಲ ಎಂದು ಬರೆದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ನಾನು ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತೆ. ಅವರಿಗೆ ಬಸ್ಸಿಗೆ ಹೊತ್ತಾಗಿತ್ತು. ಸಹಿ ಮಾಡಿದೆ.

ಆಕೆಯ ತಾಟು ಸ್ಟ್ಯಾಂಡಿನ ಕೊನೆಯಲ್ಲಿದೆ. ಆಕೆಯನ್ನು ಮಣ್ಣು ಮಾಡಿ ಬಂದ ದಿನ ನಾನೇ ತೊಳೆದು ಇಟ್ಟದ್ದು. ಚಿಕ್ಕವನು ಒಮ್ಮೆ ಅದರಲ್ಲಿ ಬೆಕ್ಕಿಗೆ ಹಾಲು ಹಾಕಿ ಬೈಸಿಕೊಂಡಿದ್ದು ನೆನಪಿರಬೇಕು. ಯಾಕೆ ಬೈದೆ ಎಂದು ಈಗ ತಿಳಿಯಿತಲ್ಲ. ಆ ತಾಟು ಅಲ್ಲಿ ಇರುವುದರಿಂದ ಆಕೆಗೆ ಏನೂ ಆಗುವುದಿಲ್ಲ. ನನಗೂ ಏನೂ ಆಗುವುದಿಲ್ಲ.

ಇವತ್ತು ಗುರುವಾರ. ಇದನ್ನು ಬರೆಯುತ್ತಿರುವಾಗ ಆತ ಹೊರಗೆ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದಾನೆ. ರೊಟ್ಟಿ ಆಗಿವೆ, ಬದನೆಕಾಯಿ ಪಲ್ಯ ಇದೆ. ಈಗ ಎದ್ದು ಹೋಗಿ ಅಲ್ಲಿಯೇ ಹಾಕಿ ಬರುತ್ತೇನೆ. ಆತನ ಜಾತಿ ಯಾವುದು ಎಂದು ನಾನು ಕೇಳಿಲ್ಲ. ಒಳಗೆ ಬಾ ಎಂದು ಕರೆದೂ ಇಲ್ಲ.